ಮಂಗನ ಹೆಸರಿನಲ್ಲಿ ಮನುಷ್ಯನ ಕಾಯಿಲೆ

1957ರ ಬೇಸಿಗೆಯ ಆರಂಭದ ದಿನಗಳು. ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸಾಯತೊಡಗಿದವು. ಮರದಿಂದ ಮರಕ್ಕೆ ಹಾರುತ್ತಿದ್ದ ಮುಸುವಗಳು ನಿತ್ರಾಣಗೊಂಡು ನೆಲಕ್ಕೆ ಬೀಳುತ್ತಿದ್ದವು. ಅದೇ ದಿನಗಳಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಜನರೂ ಜ್ವರ ಬಂದು ಮಲಗಿದ್ದರು. ತಲೆ ಸಿಡಿಯುವ ನೋವು, ಸೊಂಟ–ಕಾಲುಗಳನ್ನು ಹಿಂಡಿ ಹಾಕಿದಂಥ ನೋವು, ಕೆಂಪೇರಿದ ಕಣ್ಣು. ಕೆಲವರಿಗೆ ಮೂಗಿನಿಂದ, ಒಸಡಿನಿಂದ ರಕ್ತ. ಮೊದಲು ಇದನ್ನು ವಿಷಮಶೀತ ಜ್ವರವೆಂದೇ ಭಾವಿಸಲಾಗಿತ್ತು. ಮಲೆನಾಡಿಗೆ ಜ್ವರ ಹೊಸದೇನಲ್ಲ. ಚಳಿಜ್ವರದ ಕಾಟಕ್ಕೆ ಊರಿಗೆ ಊರೇ ಬರಿದಾದ ನೆನಪು ಅಲ್ಲಿನ ಹಿರಿಯರಲ್ಲಿ ಇನ್ನೂ ಹಸಿಯಾಗಿತ್ತು. ಆದರೆ ಮಂಗ ಸಾಯುವುದು, ಅದರ ಬೆನ್ನಿಗೇ ಮನುಷ್ಯ ಸಾಯುವುದು ಹೊಸದಾಗಿತ್ತು.

ಸುದ್ದಿ ಪುಣೆಗೆ ತಲುಪಿತು. ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ ಆಗ ಐದು ವರ್ಷದ ಕೂಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಅದನ್ನು ಕಟ್ಟಿದ್ದವು. ಅಲ್ಲಿನ ವಿಜ್ಞಾನಿಗಳ ಎದೆ ಧಸಕ್ಕೆಂದದ್ದು ಸಹಜವೇ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಾರೆಂದರೆ ವೈದ್ಯಲೋಕಕ್ಕೆ ಮೊದಲು ನೆನಪಾಗುತ್ತಿದ್ದುದು ಹಳದಿ ಜ್ವರ. ಆಫ್ರಿಕ, ದಕ್ಷಿಣ ಅಮೆರಿಕಗಳನ್ನು ನಡುಗಿಸಿದ ಆ ರೋಗ ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಮನೆಮನೆಯಲ್ಲೂ ಇತ್ತು, ಅದಕ್ಕೆ ತುತ್ತಾಗಬಲ್ಲ ಮಂಗಗಳು ಕಾಡು ತುಂಬ ಇದ್ದವು. ಒಮ್ಮೆ ಒಳಬಂದರೆ ಕಥೆ ಮುಗಿದಂತೆ ಎಂಬ ಭಯ ಸರ್ಕಾರಕ್ಕಿತ್ತು. ಕೇಂದ್ರದ ನಿರ್ದೇಶಕರಾಗಿದ್ದ ಟೆಲ್ಫರ್ ವರ್ಕ್ ಮತ್ತು ಅವರ ತಂಡ ಸೊರಬದ ಕಾಡಿಗೆ ಧಾವಿಸಿತು.

ಸತ್ತ ಮಂಗಗಳ ಅಂಗಾಂಶದಿಂದ, ಜ್ವರ ಬಂದವರ ರಕ್ತದಿಂದ, ಕೊನೆಗೆ ಕಾಡಿನ ಉಣುಗುಗಳಿಂದ ಒಂದೇ ವೈರಸ್ ಹೊರಬಿತ್ತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಅದರ ಹತ್ತಿರದ ನೆಂಟರು ಇದ್ದದ್ದು ಸಾವಿರಾರು ಮೈಲಿ ಆಚೆ, ರಷ್ಯಾದ ಹಿಮದ ಕಾಡುಗಳಲ್ಲಿ. 1937ರಲ್ಲಿ ಸೋವಿಯತ್ ವಿಜ್ಞಾನಿಗಳು ದೂರಪೂರ್ವದ ಕಾಡುಗಳಲ್ಲಿ ಮರ ಕಡಿಯುವವರನ್ನೂ ಸೈನಿಕರನ್ನೂ ಕಾಡುತ್ತಿದ್ದ ಮಿದುಳು ಜ್ವರವೊಂದನ್ನು ಗುರುತಿಸಿದ್ದರು. ಅದೂ ಉಣುಗುಗಳಿಂದಲೇ ಹರಡುವಂಥದ್ದು. ಮಲೆನಾಡಿನ ವೈರಸ್ ಆ ಕುಟುಂಬದ್ದು. ಕಾಡಿನ ಹೆಸರನ್ನೇ ಇಟ್ಟು ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದರು. ವೈದ್ಯಕೀಯ ಗ್ರಂಥಗಳಲ್ಲಿ ಶಿವಮೊಗ್ಗ ಜಿಲ್ಲೆಯ ಒಂದು ಪುಟ್ಟ ಊರು ಶಾಶ್ವತವಾಗಿ ಸೇರಿಹೋದದ್ದು ಹೀಗೆ. ಜನ ಮಾತ್ರ ಅದನ್ನು ಮಂಗನ ಕಾಯಿಲೆ ಎಂದೇ ಕರೆದರು.

ಹಿಮದ ನಾಡಿನ ಬಂಧು ಸಹ್ಯಾದ್ರಿಯ ಮಳೆಕಾಡಿಗೆ ಬಂದದ್ದಾದರೂ ಹೇಗೆ? ಪ್ರತಿ ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳ ಮೈಮೇಲೆ ಉಣುಗು ಬಂದಿರಬಹುದೇ ಎಂಬ ಅನುಮಾನ ಎದ್ದಿತು. ಪಕ್ಷಿತಜ್ಞ ಸಲೀಂ ಅಲಿ ಮತ್ತು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದದ್ದು ಈ ಪ್ರಶ್ನೆಯ ನೆಪದಲ್ಲೇ. ಮುಂದೆ ಅಮೆರಿಕದ ಸೇನೆಯ ಹಣವೂ ಆ ಕೆಲಸಕ್ಕೆ ಹರಿದುಬಂದು, ಎಪ್ಪತ್ತರ ದಶಕದಲ್ಲಿ ಇದು ರೋಗಾಣು ಯುದ್ಧದ ಸಿದ್ಧತೆಯಲ್ಲವೇ ಎಂಬ ಗದ್ದಲ ಸಂಸತ್ತಿನವರೆಗೂ ಹೋಯಿತು. ಹಕ್ಕಿಗಳೇ ವೈರಸ್ ತಂದವೆಂಬುದಕ್ಕೆ ಮಾತ್ರ ಪುರಾವೆ ದೊರೆಯಲಿಲ್ಲ. ತೊಂಬತ್ತರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಇದಕ್ಕೆ ತೀರ ಹತ್ತಿರದ ಇನ್ನೊಂದು ವೈರಸ್ ಪತ್ತೆಯಾದ ಮೇಲಂತೂ ಈ ಕುಟುಂಬದ ವಂಶವೃಕ್ಷ ಮೊದಲು ಎಣಿಸಿದ್ದಕ್ಕಿಂತ ಹೆಚ್ಚು ಕವಲುಗಳುಳ್ಳದ್ದೆಂದು ತಿಳಿಯಿತು.

ವೈರಸ್ ಎಲ್ಲಿಂದ ಬಂತು ಎಂಬುದಕ್ಕಿಂತ, ಅದು ಆ ಹೊತ್ತಿನಲ್ಲಿ, ಆ ಜನರನ್ನೇ ಏಕೆ ಹಿಡಿಯಿತು ಎಂಬ ಪ್ರಶ್ನೆ ಹೆಚ್ಚು ಮುಖ್ಯವಾದುದು. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಮಂಗನನ್ನು ಆರೋಪಿಯ ಸ್ಥಾನದಿಂದ ಬಿಡಿಸಬೇಕು.

ತಪ್ಪು ಹೊತ್ತ ಮಂಗ

ಮಂಗ ಮನುಷ್ಯನಿಗೆ ಈ ರೋಗವನ್ನು ನೇರವಾಗಿ ಅಂಟಿಸುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೂ ಇದು ಹರಡುವುದಿಲ್ಲ. ವೈರಸ್ಸನ್ನು ದಾಟಿಸುವುದು ಕಾಡಿನ ಉಣುಗು. ಆರೋಗ್ಯ ಇಲಾಖೆಯ ಕರಪತ್ರಗಳಲ್ಲಿ ಅದನ್ನು ಉಣ್ಣೆ ಎಂದು ಬರೆಯುತ್ತಾರೆ. ಕಾಡಿನ ಇಲಿ, ಮೂಗಿಲಿ, ಅಳಿಲು, ಮುಳ್ಳುಹಂದಿಗಳ ನಡುವೆ ಈ ವೈರಸ್ ಉಣುಗುಗಳ ಮೂಲಕ ಸದ್ದಿಲ್ಲದೆ ಓಡಾಡಿಕೊಂಡಿರುತ್ತದೆ. ಅವಕ್ಕೆ ಅದರಿಂದ ಅಂಥ ತೊಂದರೆಯಿಲ್ಲ. ಅದೇ ಉಣುಗು ಕಪ್ಪು ಮೂತಿಯ ಮುಸುವನನ್ನೋ ಕೆಂಪು ಮೂತಿಯ ಮಂಗನನ್ನೋ ಕಚ್ಚಿದರೆ ಅದು ಜ್ವರ ಹಿಡಿದು ಸಾಯುತ್ತದೆ. ಕಾಯಿಲೆ ಬಿದ್ದ ಮಂಗನ ರಕ್ತದಲ್ಲಿ ವೈರಸ್ ಕಿಕ್ಕಿರಿದಿರುತ್ತದೆ. ಅದರ ರಕ್ತ ಹೀರಿದ ನೂರಾರು ಮರಿ ಉಣುಗುಗಳು ಮಂಗ ಸತ್ತಲ್ಲೇ ನೆಲಕ್ಕುದುರಿ, ತರಗೆಲೆಗಳ ನಡುವೆ ಕಾಯುತ್ತವೆ. ಆ ಜಾಗದಲ್ಲಿ ಕಾಲಿಟ್ಟವನಿಗೆ ಕಾದಿದೆ ಗ್ರಹಚಾರ. ಹೀಗಾಗಿ ಸತ್ತ ಮಂಗವೆಂದರೆ ಅಪಾಯದ ಗಂಟೆ. ಗಂಟೆಯನ್ನೇ ಅಪರಾಧಿ ಎಂದು ಕರೆದಂತಾಗಿದೆ ಈ ರೋಗದ ಹೆಸರು.

ಹನುಮನ ಪ್ರತಿರೂಪವೆಂದು ಮಂಗ ಸತ್ತರೆ ಹೂವು ಹಾಕಿ, ಮೆರವಣಿಗೆ ಮಾಡಿ ಮಣ್ಣು ಮಾಡುವ ಪದ್ಧತಿ ಕರ್ನಾಟಕದ ಅನೇಕ ಊರುಗಳಲ್ಲಿದೆ. ಈ ರೋಗವಿರುವ ಸೀಮೆಯಲ್ಲಿ ಆ ಭಕ್ತಿಯೇ ಅಪಾಯ. ಅಲ್ಲಿ ಶವವನ್ನು ಯಾರೂ ಮುಟ್ಟಬಾರದು. ಸಿಬ್ಬಂದಿ ಬಂದು ಸುತ್ತ ಐವತ್ತು ಅಡಿ ಮೆಲಾಥಿಯನ್ ಪುಡಿ ಉದುರಿಸಿ, ಪರೀಕ್ಷೆಗೆ ಅಂಗಾಂಶ ತೆಗೆದು ಸುಡಬೇಕು. ಸಿಬ್ಬಂದಿಯೇ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2012ರಲ್ಲಿ ಬಂಡೀಪುರದಲ್ಲಿ ನಿದರ್ಶನ ದೊರೆಯಿತು. ಸತ್ತ ಮಂಗಗಳನ್ನು ಬರಿಗೈಯಲ್ಲಿ ಎತ್ತಿ ಸುಟ್ಟವರಲ್ಲಿ ಹಲವರು ಕೆಲವೇ ದಿನಗಳಲ್ಲಿ ಅದೇ ಜ್ವರಕ್ಕೆ ಬಿದ್ದರು.

ಇನ್ನು ಉಣುಗಿನ ದಿನಚರಿ. ಮಳೆಗಾಲ ಮುಗಿದ ಮೇಲೆ ಮೊಟ್ಟೆಯೊಡೆದು ಬಂದ ಮರಿಗಳು ನವೆಂಬರ್ ಹೊತ್ತಿಗೆ ಇನ್ನೊಂದು ಹಂತಕ್ಕೆ ಬೆಳೆಯುತ್ತವೆ. ಸಾಸಿವೆ ಕಾಳಿನಷ್ಟೂ ಇಲ್ಲದ, ಕಣ್ಣಿಗೆ ಸುಲಭವಾಗಿ ಕಾಣದ ಈ ಹಂತದ ಉಣುಗುಗಳೇ ಮನುಷ್ಯನಿಗೆ ಹತ್ತುವಂಥವು. ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಉಬ್ಬರ. ಮೊದಲ ಮಳೆ ಬಿದ್ದರೆ ರೋಗ ಅಡಗುತ್ತದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಗೇ ಜ್ವರ ಏರುತ್ತದೆ. ಹೆಚ್ಚಿನವರು ಎರಡು ವಾರದಲ್ಲಿ ಎದ್ದು ಕೂರುತ್ತಾರೆ, ಆದರೆ ತಿಂಗಳುಗಟ್ಟಲೆ ಕೆಲಸಕ್ಕೆ ಮೈ ಬಗ್ಗದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಬಳಿಕ ಮತ್ತೆ ಮರುಕಳಿಸಿ, ಈ ಸಲ ಮಿದುಳಿಗೆ ಏರುತ್ತದೆ. ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಈ ವೈರಸ್ಸನ್ನು ಕೊಲ್ಲುವ ಔಷಧ ಇಂದಿಗೂ ಇಲ್ಲ. ನೋವಿಗೆ, ನಿರ್ಜಲತೆಗೆ, ರಕ್ತಸ್ರಾವಕ್ಕೆ ಆರೈಕೆ ಮಾಡುತ್ತ ದೇಹವೇ ಗೆಲ್ಲಲೆಂದು ಕಾಯುವುದೇ ಚಿಕಿತ್ಸೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಈ ಕಾಲ ಮಲೆನಾಡಿನವರಿಗೆ ಬೇರೆಯೇ ಕಾರಣಕ್ಕೆ ಗೊತ್ತು. ಅದು ದರಗು ಗುಡಿಸುವ ಕಾಲ. ಗದ್ದೆ ಕೊಯ್ಲು ಮುಗಿದು, ಕಾಡು ಎಲೆ ಉದುರಿಸುವ ಆ ತಿಂಗಳುಗಳಲ್ಲಿ ಒಣ ಎಲೆಯನ್ನು ಗುಡಿಸಿ, ಹೆಡಿಗೆ ತುಂಬಿ, ತಲೆಯ ಮೇಲೆ ಹೊತ್ತು ತರಬೇಕು. ಕೊಟ್ಟಿಗೆಯಲ್ಲಿ ಹಾಸಿದರೆ ಸಗಣಿ, ಗಂಜಲದೊಡನೆ ಕಲೆತು ಗೊಬ್ಬರವಾಗುತ್ತದೆ. ಮಳೆಗಾಲಕ್ಕೆ ಬೇಕಾದ ಸೌದೆ ಕೂಡಿಡುವುದೂ ಈಗಲೇ. ಉಣುಗು ಕಾದು ಕೂತಿರುವುದು ಯಾವ ತರಗೆಲೆಯ ಹಾಸಿನಲ್ಲೋ ಅದನ್ನೇ ಬರಿಗೈಯಲ್ಲಿ ಬಾಚಿ ತಬ್ಬಿಕೊಂಡು ತರುವ ಕೆಲಸವಿದು. ಹೆಚ್ಚಾಗಿ ಇದನ್ನು ಮಾಡುವವರು ಹೆಂಗಸರು. ತೋಟವಿರುವವರಿಗೆ ಸೊಪ್ಪಿನ ಬೆಟ್ಟದ ಹಕ್ಕಿದೆ, ಸೊಪ್ಪು ಕಡಿದು ತರುವುದಕ್ಕೆ ಆಳುಗಳಿದ್ದಾರೆ. ತುಂಡು ಗದ್ದೆಯವರು, ಗದ್ದೆಯೇ ಇಲ್ಲದವರು ತಾವೇ ಹೋಗಬೇಕು, ಇಲ್ಲವೆ ಇನ್ನೊಬ್ಬರ ತೋಟಕ್ಕಾಗಿ ಹೋಗಬೇಕು. ಅಡಕೆ ತೋಟದ ಬುಡಕ್ಕೆ ಬೀಳುವ ಸೊಪ್ಪಿನ ಹಿಂದೆ ಯಾರ ಕೈಯಿದೆ ಎಂಬುದನ್ನು ನೋಡಿದರೆ, ರೋಗದ ಪಟ್ಟಿಯಲ್ಲಿ ಯಾರ ಹೆಸರು ಹೆಚ್ಚು ಇರುತ್ತದೆಂದು ಹೇಳಲು ವಿಜ್ಞಾನಿಯೇ ಬೇಕಿಲ್ಲ.

ಕೊಡಲಿಯ ಹಿಂದೆ ಬಂದ ಜ್ವರ

ಆದರೆ ದರಗು ಗುಡಿಸುವುದು 1957ರಲ್ಲಿ ಶುರುವಾದ ಕೆಲಸವಲ್ಲ. ಹಾಗಾದರೆ ರೋಗ ಆಗಲೇ ಏಕೆ ಎದ್ದಿತು?

ಈ ಪ್ರಶ್ನೆಯನ್ನು ಹಿಡಿದು ಹೋದವರಲ್ಲಿ ಒಬ್ಬರು ಕೊಲಂಬಿಯ ದೇಶದ ಜಾರ್ಜ್ ಬೊಷೆಲ್. ಇವರ ಹಿಂದಿನ ಕಥೆಯೇ ಸ್ವಾರಸ್ಯದ್ದು. ತಮ್ಮ ದೇಶದ ಕಾಡಿನಲ್ಲಿ ಹಳದಿ ಜ್ವರದ ಜಾಡು ಹುಡುಕುತ್ತಿದ್ದಾಗ, ಮರ ಕಡಿಯುವವರು ದೊಡ್ಡ ಮರವೊಂದನ್ನು ಉರುಳಿಸಿದ ಕ್ಷಣದಲ್ಲಿ ನೀಲಿ ಬಣ್ಣದ ಸೊಳ್ಳೆಗಳು ಅವರನ್ನು ಮುತ್ತಿಕೊಂಡದ್ದನ್ನು ಕಂಡರು. ಮರದ ನೆತ್ತಿಯಲ್ಲಿ ಮಂಗಗಳ ರಕ್ತ ಹೀರಿಕೊಂಡು ಇರಬೇಕಾದ ಸೊಳ್ಳೆಗಳನ್ನು ಕೊಡಲಿ ನೆಲಕ್ಕಿಳಿಸಿತ್ತು. ಇಂಥ ಕಣ್ಣುಳ್ಳ ವಿಜ್ಞಾನಿ ಸಾಗರ–ಸೊರಬದ ಕಾಡು ಸುತ್ತಿ, 1969ರಲ್ಲಿ ಬರೆದ ಪ್ರಬಂಧದಲ್ಲಿ ರೋಗದ ಮೂಲವನ್ನು ವೈರಸ್ಸಿನಲ್ಲಲ್ಲ, ನೆಲದಲ್ಲಿ ಆದ ಬದಲಾವಣೆಯಲ್ಲಿ ಹುಡುಕಿದರು.

ಅವರ ವಾದದ ತಿರುಳು ಇಷ್ಟು. ದಟ್ಟ ಕಾಡಿನ ಒಳಗೆ ಉಣುಗುಗಳಿಗೆ ಆಹಾರ ಮಿತ. ಬೆಳೆದ ಉಣುಗಿಗೆ ಮೊಟ್ಟೆಯಿಡಲು ದೊಡ್ಡ ಪ್ರಾಣಿಯ ರಕ್ತ ಬೇಕು. ಕಡವೆ, ಕಾಟಿಗಳು ಎಲ್ಲೋ ಒಂದೆರಡು. ಕಾಡನ್ನು ಅಲ್ಲಲ್ಲಿ ಕಡಿದು ಗದ್ದೆ ಮಾಡಿದಾಗ ಜನ ಬರುತ್ತಾರೆ, ಜನರೊಂದಿಗೆ ದನ ಬರುತ್ತವೆ. ದನಗಳು ಮೇಯಲು ಹೋಗುವುದು ಕಾಡಿಗೇ. ಒಂದೊಂದು ದನದ ಮೈಮೇಲೂ ಉಣುಗುಗಳು ಹೊಟ್ಟೆ ತುಂಬ ರಕ್ತ ಕುಡಿದು, ನೆಲಕ್ಕುದುರಿ, ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ದನಕ್ಕೆ ರೋಗ ಬರುವುದಿಲ್ಲ, ಅದು ವೈರಸ್ಸನ್ನು ಹರಡುವುದೂ ಇಲ್ಲ. ಆದರೆ ಉಣುಗಿನ ಸಂತಾನಕ್ಕೆ ಅದೇ ಅಕ್ಷಯಪಾತ್ರೆ. ಇತ್ತ ಕಡಿದು ಬಿಟ್ಟ ಜಾಗದಲ್ಲಿ ಲಂಟಾನದ ಪೊದೆ ಹಬ್ಬಿ ಇಲಿ, ಮೂಗಿಲಿಗಳಿಗೆ ಮನೆಯಾಗುತ್ತದೆ. ಮಂಗಗಳು ಹಣ್ಣು, ಬೆಳೆಗಳ ಆಸೆಗೆ ಕಾಡಂಚಿಗೆ ಬರುತ್ತವೆ. ಕಾಡಿನ ಒಳಗೆ ಚದುರಿಹೋಗಿದ್ದ ಪಾತ್ರಧಾರಿಗಳೆಲ್ಲ ಒಂದೇ ರಂಗಸ್ಥಳದಲ್ಲಿ ಕೂಡಿದಂತಾಯಿತು, ಅದೂ ಊರಿನ ಹಿತ್ತಿಲಲ್ಲಿ.

ಐವತ್ತರ ದಶಕದ ಮಲೆನಾಡಿನಲ್ಲಿ ನಡೆದದ್ದು ಇದೇ. ಡಿಡಿಟಿ ಸಿಂಪಡಿಸಿ ಮಲೇರಿಯವನ್ನು ಹಿಮ್ಮೆಟ್ಟಿಸಿದ ಮೇಲೆ, ಅಲ್ಲಿಯವರೆಗೆ ಜ್ವರಕ್ಕೆ ಅಂಜಿ ಯಾರೂ ನೆಲೆಸದಿದ್ದ ಕಣಿವೆಗಳಿಗೆ ಜನ ಬಂದರು. ಸ್ವತಂತ್ರ ದೇಶಕ್ಕೆ ಅಕ್ಕಿ ಬೇಕಿತ್ತು, ಮರಮಟ್ಟು ಬೇಕಿತ್ತು, ವಿದ್ಯುತ್ ಬೇಕಿತ್ತು. ಸಾಗುವಳಿ ವಿಸ್ತರಿಸಿತು. ಒಂದು ಜ್ವರವನ್ನು ಓಡಿಸಿ ತೆರೆದ ಬಾಗಿಲಿನಿಂದ ಇನ್ನೊಂದು ಜ್ವರ ಹೊರಬಂದದ್ದನ್ನು ವಿಪರ್ಯಾಸ ಎನ್ನಬೇಕೋ ಏನೋ. ಕಾಡು ಕಡಿದವನನ್ನೇ ಇದಕ್ಕೆ ಹೊಣೆ ಮಾಡುವುದು ಸುಲಭ. ಒಂದೆಕರೆ ಗದ್ದೆಗಾಗಿ ಕೊಡಲಿ ಹಿಡಿದವನೂ, ನೂರಾರು ಎಕರೆಗೆ ಒಮ್ಮೆಗೇ ಪರವಾನಗಿ ಕೊಟ್ಟ ಕಚೇರಿಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಸಾಗರದ ಕ್ಷೇತ್ರ ಕೇಂದ್ರದಲ್ಲಿ ಕೂತು ಈ ಸರಪಳಿಯ ಒಂದೊಂದು ಕೊಂಡಿಯನ್ನು ಬಿಡಿಸಿದವರ ಶ್ರಮ ಸಣ್ಣದಲ್ಲ. ಟಿ. ರಾಮಚಂದ್ರ ರಾವ್, ಪಿ.ಕೆ. ರಾಜಗೋಪಾಲನ್ ಮೊದಲಾದ ಭಾರತೀಯ ವಿಜ್ಞಾನಿಗಳು ವರ್ಷಗಟ್ಟಲೆ ಈ ಕೆಲಸದಲ್ಲಿ ತೊಡಗಿದ್ದರು. ಉಣುಗು ಹಿಡಿಯುವ ವಿಧಾನವೂ ಸರಳ. ಬಟ್ಟೆಯ ತುಂಡೊಂದನ್ನು ಕೋಲಿಗೆ ಕಟ್ಟಿ ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುವುದು. ಹತ್ತಿಕೊಂಡ ಉಣುಗುಗಳನ್ನು ಒಂದೊಂದಾಗಿ ಎತ್ತಿ ಕೊಳವೆಗೆ ಹಾಕುವುದು. ಮೈತುಂಬ ಬಟ್ಟೆ ಸುತ್ತಿಕೊಂಡೇ ಹೋದರೂ, ಪ್ರಯೋಗಾಲಯದಲ್ಲಿ ಎಚ್ಚರದಿಂದಿದ್ದರೂ, ಈ ವೈರಸ್ಸಿನೊಡನೆ ಕೆಲಸ ಮಾಡಿದ ಅನೇಕರು ಸ್ವತಃ ಜ್ವರ ಅನುಭವಿಸಿದರು.

ಗೇರುತೋಪಿನ ಬೆಲೆ

ಬೊಷೆಲ್ ಬರೆದದ್ದು ಎಷ್ಟು ನಿಜವೆಂಬುದನ್ನು ದಕ್ಷಿಣ ಕನ್ನಡ ಜಿಲ್ಲೆ ಹದಿಮೂರು ವರ್ಷಗಳ ಬಳಿಕ ಕಂಡಿತು. ಎಪ್ಪತ್ತರ ದಶಕದಲ್ಲಿ ರೋಗ ಶಿವಮೊಗ್ಗದಿಂದ ಉತ್ತರ ಕನ್ನಡದತ್ತ ಸರಿದಿತ್ತು. 1982ರ ಕೊನೆಯಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತಮುತ್ತ ಅದು ಭುಗಿಲೆದ್ದಿತು. ಅಲ್ಲಿ ಗೇರು ನೆಡುವುದಕ್ಕಾಗಿ ನೂರಾರು ಹೆಕ್ಟೇರ್ ಮೀಸಲು ಅರಣ್ಯವನ್ನು ಬೋಳಿಸಲಾಗಿತ್ತು. ಮರ ಕಡಿಯಲು, ಸೌದೆ ಕೂಡಿಸಲು, ಗುಂಡಿ ತೋಡಲು ಬಂದ ಕೂಲಿಗಳು ಮೊದಲು ಮಲಗಿದರು, ಆಮೇಲೆ ಸುತ್ತಲಿನ ಹಳ್ಳಿಗಳವರು. ಅಲ್ಲಿಂದ ಎರಡು ವರ್ಷಗಳಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಅದು ಹಿಡಿಯಿತು. ವರ್ಷಕ್ಕೆ ಸರಾಸರಿ ನಾಲ್ಕೈದು ನೂರು ಎಂದು ಲೆಕ್ಕ ಹಾಕುವ ರೋಗದಲ್ಲಿ ಅಂಥ ಏರಿಕೆ ಅದಕ್ಕೆ ಹಿಂದೆ ಕಂಡಿರಲಿಲ್ಲ.

ಆ ದಿನಗಳಲ್ಲಿ ದಕ್ಷಿಣ ಕನ್ನಡದಲ್ಲಿ ಅಧ್ಯಯನ ನಡೆಸಿದ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್, 1987ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಇದನ್ನು ಅಭಿವೃದ್ಧಿಯ ರೋಗ ಎಂದು ಕರೆದರು. ವೈದ್ಯರು ವೈರಸ್ಸನ್ನು ನೋಡುತ್ತಿದ್ದರೆ ಇವರು ಜನರನ್ನು ಕೇಳಿಸಿಕೊಂಡರು. ತುಳುನಾಡಿನ ಕಾಡಿಗೆ ಒಡೆಯರಿದ್ದಾರೆ, ಅವು ಭೂತಗಳು. ಅವುಗಳ ನೆಲೆಯನ್ನು ಕಡಿದುದಕ್ಕೆ ಈ ಶಿಕ್ಷೆ ಎಂಬ ಮಾತು ಹಳ್ಳಿಗಳಲ್ಲಿತ್ತು. ಇದನ್ನು ಮೌಢ್ಯವೆಂದು ತಳ್ಳಿಹಾಕುವವರು ಒಂದು ಕ್ಷಣ ನಿಂತು ನೋಡಬೇಕು: ಕಾಡು ಕಡಿದದ್ದರಿಂದ ರೋಗ ಬಂತೆಂದು ಬೊಷೆಲ್ ಹೇಳಿದ್ದೂ ಅದನ್ನೇ. ಎರಡರ ಭಾಷೆ ಬೇರೆ. ಆದರೆ ಭೂತದ ಸಿಟ್ಟಿಗಾಗಲಿ, ಉಣುಗಿನ ಕಡಿತಕ್ಕಾಗಲಿ ಮೈಯೊಡ್ಡಿದವರು ಮರ ಕಡಿಸುವ ತೀರ್ಮಾನ ಮಾಡಿದವರಾಗಿರಲಿಲ್ಲ, ದಿನಗೂಲಿಗೆ ಮರ ಕಡಿದವರಾಗಿದ್ದರು.

ಗೇರಿನ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2012ರಿಂದ ಈಚೆಗೆ ರೋಗ ಕರ್ನಾಟಕದ ಗಡಿ ದಾಟಿ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿತು. ನೀಲಗಿರಿಯಲ್ಲಿ, ಕೇರಳದ ವಯನಾಡಿನಲ್ಲಿ, ಗೋವೆಯ ಸತ್ತರಿಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ. ವಯನಾಡಿನಲ್ಲಿ 2015ರಲ್ಲಿ ರೋಗಕ್ಕೆ ಬಿದ್ದವರಲ್ಲಿ ಬಹುಪಾಲು ಜನ ಕಾಡನ್ನೇ ನೆಚ್ಚಿದ ಆದಿವಾಸಿಗಳು. ಗೋವೆಯಲ್ಲಿ ಗೇರುತೋಪುಗಳಲ್ಲಿ ದುಡಿಯುವವರು. ಬೆಳಗಾವಿ ಸೀಮೆಯಿಂದ ಗೇರುಬೀಜದ ಹಂಗಾಮಿಗೆ ಗೋವೆಗೆ ಹೋಗಿ ಬಂದ ಕೂಲಿಕಾರರಲ್ಲಿ ಈ ಜ್ವರ ಪತ್ತೆಯಾದಾಗ ವೈದ್ಯರಿಗೆ ಅಚ್ಚರಿಯಾಯಿತು. ಅವರ ಊರುಗಳಲ್ಲಿ ಮಂಗ ಸತ್ತಿರಲಿಲ್ಲ. ರೋಗವನ್ನು ಅವರು ಸಂಪಾದಿಸಿದ್ದು ಪರನಾಡಿನಲ್ಲಿ, ಮಲಗಿದ್ದು ತಮ್ಮ ಮನೆಯಲ್ಲಿ. ಅತ್ತ ಗೋವೆಯ ಲೆಕ್ಕಕ್ಕೂ ಪೂರ್ತಿ ಸೇರದೆ, ಇತ್ತ ಮಲೆನಾಡಿನ ಎಚ್ಚರಿಕೆಯ ಪರಿಧಿಗೂ ಬಾರದೆ ಇರುವ ಇಂಥ ಜನರಿಗೆ ಉಣುಗಿನ ಬಗ್ಗೆ ಮುಂಚಿತವಾಗಿ ಹೇಳುವವರು ಯಾರು?

ಲಸಿಕೆಯೊಂದಿತ್ತು

ಈ ರೋಗಕ್ಕೆ ಲಸಿಕೆ ಇರಲಿಲ್ಲವೆಂದಲ್ಲ. ಮೊದಲು ರಷ್ಯಾದ ಜ್ವರದ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿದರು; ಫಲ ಕಾಣಲಿಲ್ಲ. ಅರವತ್ತರ ದಶಕದಲ್ಲಿ ಪುಣೆಯಲ್ಲಿ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. 1990ರ ಹೊತ್ತಿಗೆ ಅದು ವ್ಯಾಪಕ ಬಳಕೆಗೆ ಬಂತು. ಎರಡು ಚುಚ್ಚುಮದ್ದು ಪಡೆದವರಲ್ಲಿ ಶೇ 93.5ರಷ್ಟು ರಕ್ಷಣೆ ಸಿಕ್ಕಿತೆಂದು ಆಗಿನ ಪರೀಕ್ಷೆ ಹೇಳಿತು. 2005ರಿಂದ 2010ರವರೆಗಿನ ಅನುಭವವನ್ನು ಮತ್ತೆ ತೂಗಿ ನೋಡಿದಾಗ ಎರಡು ಚುಚ್ಚುಮದ್ದಿನ ರಕ್ಷಣೆ ಶೇ 62.4ಕ್ಕೆ ಇಳಿದಿತ್ತು. ಮೂರನೆಯದನ್ನೂ ಪಡೆದರೆ ಶೇ 82.9.

ಕಾಗದದ ಮೇಲೆ ಇದು ಅಷ್ಟೇನೂ ಕೆಟ್ಟದ್ದಲ್ಲ. ಹಳ್ಳಿಯಲ್ಲಿ ಅದರ ಅರ್ಥವೇ ಬೇರೆ. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಲ್ಲಿ ಮತ್ತೊಂದು, ಆಮೇಲೆ ಐದು ವರ್ಷ ಪ್ರತಿವರ್ಷ ಒಂದೊಂದು. ಚುಚ್ಚಿದ ತೋಳು ವಿಪರೀತ ನೋಯುತ್ತದೆ. ನಾಳೆ ಕೂಲಿಗೆ ಹೋಗಬೇಕಾದವನಿಗೆ ತೋಳು ನೋವೆಂದರೆ ಒಂದು ದಿನದ ಊಟ. ಮನೆಗಳು ಒಂದು ಗುಡ್ಡದಲ್ಲಿ ಒಂದು, ಇನ್ನೊಂದು ಗುಡ್ಡದಲ್ಲಿ ಇನ್ನೊಂದು. ಲಸಿಕೆ ಹಾಕುವವರು ಬರುವುದು ಹಗಲು. ಹಗಲು ಮನೆಯಲ್ಲಿ ಮುದುಕರು, ಮಕ್ಕಳು ಮಾತ್ರ. ಲಸಿಕೆಯೋ ಏಳು ವರ್ಷದೊಳಗಿನವರಿಗೆ, ಅರವತ್ತೈದು ದಾಟಿದವರಿಗೆ ಹಾಕುವಂಥದಲ್ಲ. ಮಂಗ ಸತ್ತ ಸ್ಥಳದಿಂದ ಐದು ಕಿಲೋಮೀಟರ್ ಒಳಗಿನ ಊರುಗಳಿಗಷ್ಟೇ ಎಂಬ ನಿಯಮ ಬೇರೆ. ಮೊದಲ ಚುಚ್ಚುಮದ್ದು ಹಾಕಿಸಿಕೊಂಡವರು ಎರಡನೆಯದಕ್ಕೆ ಬರದೆ ಹೋದರೆಂದು ಇಲಾಖೆ ಜನರ ಅಸಡ್ಡೆಯನ್ನು ದೂರುವುದು ವಾಡಿಕೆಯಾಯಿತು. ಆ ದೂರಿನಲ್ಲಿ ಅರ್ಧವಾದರೂ ಇಲಾಖೆಗೇ ಸಲ್ಲಬೇಕು.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ನಡೆದದ್ದು ಈ ಎಲ್ಲ ದೌರ್ಬಲ್ಯಗಳನ್ನೂ ಒಟ್ಟಿಗೆ ಬಯಲಿಗಿಟ್ಟಿತು. ಶರಾವತಿ ಕಣಿವೆಯ ಈ ಗ್ರಾಮ ಪಂಚಾಯಿತಿಯಲ್ಲಿ ಕೆಲವೇ ವಾರಗಳಲ್ಲಿ ಹಲವರು ಸತ್ತರು. ರೋಗಿಗಳನ್ನು ಘಟ್ಟದ ಕೆಳಗಿನ ಮಣಿಪಾಲದ ಆಸ್ಪತ್ರೆಗೆ ಹೊತ್ತೊಯ್ಯಬೇಕಾಯಿತು. ಜ್ವರ ಯಾವುದೆಂದು ಖಚಿತವಾಗುವ ಮುನ್ನ ಕಳೆದ ದಿನಗಳು ಬೆಲೆಯುಳ್ಳವಾಗಿದ್ದವು. ಅರವತ್ತು ವರ್ಷಗಳಿಂದ ರೋಗವನ್ನು ಬಲ್ಲ ಜಿಲ್ಲೆಯಲ್ಲಿ, ಕ್ಯಾಸನೂರಿನ ಪಕ್ಕದ ತಾಲ್ಲೂಕಿನಲ್ಲೇ, ಅದು ಹೊಸದಾಗಿ ಬಂದಂತೆ ಬಂತು. ಊರವರಲ್ಲಿ ಆಗ ಎದ್ದ ಸಿಟ್ಟು ಮಂಗಗಳ ಮೇಲಿನದಾಗಿರಲಿಲ್ಲ.

ಅಷ್ಟಾದ ಮೇಲೆ ಲಸಿಕೆ ಹಾಕಿಸಿಕೊಳ್ಳಲು ಜನ ಸಾಲುಗಟ್ಟಿದರು. ಆದರೆ ಲಸಿಕೆಯ ಬಲದ ಮೇಲೆಯೇ ಪ್ರಶ್ನೆಗಳು ಏಳುತ್ತ ಹೋಗಿ, 2022ರಲ್ಲಿ ಅದರ ಬಳಕೆಯನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯೊಂದನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿತು. 1957ರಲ್ಲಿ ಗುರುತಿಸಿದ ರೋಗವೊಂದಕ್ಕೆ ಅರವತ್ತೈದು ವರ್ಷಗಳ ನಂತರ ಲಸಿಕೆಯ ಕೆಲಸ ಮತ್ತೆ ಮೊದಲಿನಿಂದ ಆರಂಭವಾಯಿತೆಂದರೆ, ಅದು ವೈರಸ್ಸಿನ ಜಾಣತನ ಮಾತ್ರವೇ ಇರಲಾರದು. ವರ್ಷಕ್ಕೆ ಕೆಲವು ನೂರು ಜನರಿಗೆ, ಅದೂ ಕಾಡಂಚಿನವರಿಗೆ ಬರುವ ರೋಗದಲ್ಲಿ ಔಷಧ ಕಂಪನಿಗಳಿಗೆ ಮಾರುಕಟ್ಟೆ ಕಾಣುವುದಿಲ್ಲ.

ಲಸಿಕೆ ಕೈಬಿಟ್ಟ ಮೇಲೆ ಉಳಿದದ್ದು ಮೈಗೆ ಹಚ್ಚುವ ತೈಲ ಮತ್ತು ಬುದ್ಧಿಮಾತು. ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು, ಈಚೆಗೆ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೇಪಾ ತೈಲ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಸವರಿಕೊಳ್ಳಬೇಕು. ಹಚ್ಚಿದ್ದು ಕೆಲವು ಗಂಟೆ ಕೆಲಸ ಮಾಡುತ್ತದೆ, ಬೆವರಿದರೆ ಅದೂ ಇಳಿಯುತ್ತದೆ. ಬಂದ ಮೇಲೆ ಬಟ್ಟೆಯನ್ನೂ ಮೈಯನ್ನೂ ಬಿಸಿನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು. ಆ ಬಿಸಿನೀರಿನ ಹಂಡೆಗೆ ಉರಿ ಕಾಡಿನ ಸೌದೆಯದೇ. ಕರಪತ್ರಗಳ ಮೊದಲ ಸಾಲು ಮಾತ್ರ ಹಲವು ವರ್ಷಗಳಿಂದ ಬದಲಾಗಿಲ್ಲ: ರೋಗದ ಕಾಲದಲ್ಲಿ ಕಾಡಿಗೆ ಹೋಗಬೇಡಿ. ದರಗಿಗೆ, ಸೌದೆಗೆ, ಮೇವಿಗೆ ಬದಲಿ ಏನೆಂದು ಆ ಕರಪತ್ರದಲ್ಲಿ ಬರೆದಿರುವುದಿಲ್ಲ. ಅಡುಗೆ ಅನಿಲದ ಸಿಲಿಂಡರ್ ಬಂದ ಮನೆಗಳಲ್ಲೂ ಬಚ್ಚಲಿಗೆ ಸೌದೆಯೇ ಬೇಕು, ಕೊಟ್ಟಿಗೆಗೆ ದರಗೇ ಬೇಕು. ಡಿಸೆಂಬರ್ ಬಂದರೆ ಆಶಾ ಕಾರ್ಯಕರ್ತೆಯರು ತೈಲದ ಸೀಸೆ ಹಿಡಿದು ಮನೆಮನೆ ಸುತ್ತುತ್ತಾರೆ. ಅವರು ತಲುಪುವ ಹೊತ್ತಿಗೆ ಹೆಡಿಗೆ ಹೊತ್ತವರು ಎಷ್ಟೋ ವೇಳೆ ಬೆಟ್ಟ ಹತ್ತಿಯಾಗಿರುತ್ತದೆ.